ಮುದ್ದೆ, ಮೃದಂಗ, ಸ್ಯಾಕ್ಸೊಫೋನು

ರಾಗಿ ನಮ್ಮದೇ ಬೆಳೆ ಎಂದು ನಂಬಿ ಬೆಳೆದವರು ನಾವು. ಅದರ ತವರು ಇಥಿಯೋಪಿಯ, ಉಗಾಂಡಗಳ ಎತ್ತರದ ನೆಲ. ಉಗಾಂಡದಲ್ಲೂ ರಾಗಿಹಿಟ್ಟನ್ನು ಕುದಿನೀರಿಗೆ ಸುರಿದು ತಿರುವಿ ‘ಕಲೋ’ ಮಾಡುತ್ತಾರೆ, ಮುರಿದು ಸಾರಿಗೆ ಅದ್ದಿ ತಿನ್ನುತ್ತಾರೆ. ಇದು ತಿಳಿದಂದಿನಿಂದ ಶ್ರೀರಾಂಪುರದ ನಮ್ಮ ಮನೆಯಲ್ಲಿ ಮುದ್ದೆ ಕೋಲು ಹಿಡಿದಾಗಲೆಲ್ಲ ಅಮೆರಿಕದ ಜ್ಯಾಝ್ ವಾದಕ ರ್‍ಯಾಂಡಿ ವೆಸ್ಟನ್ನರ ಪಿಯಾನೊ ಹಾಕಿಕೊಳ್ಳುತ್ತೇನೆ.

ಜ್ಯಾಝ್ ಹುಟ್ಟಿದ್ದು ಆಫ್ರಿಕದಿಂದ ಗುಲಾಮರಾಗಿ ಅಮೆರಿಕಕ್ಕೆ ಸಾಗಿಸಲ್ಪಟ್ಟವರ ಸಂತತಿಯಲ್ಲಿ. ಆ ತವರನ್ನು ಹೆಸರಿಟ್ಟು ಕರೆದವರಲ್ಲಿ ವೆಸ್ಟನ್ ಮುಖ್ಯರು. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಅವರ ತಂದೆ ಹೋಟೆಲು ನಡೆಸುತ್ತಿದ್ದರು. ಮಗ 1960ರಲ್ಲಿ ‘ಉಹುರು ಆಫ್ರಿಕ’ ಧ್ವನಿಮುದ್ರಿಸಿದರು. ದಕ್ಷಿಣ ಆಫ್ರಿಕದ ವರ್ಣಭೇದಿ ಸರ್ಕಾರ ಅದನ್ನು ನಿಷೇಧಿಸಿತು. 1964ರಲ್ಲಿ ಧ್ವನಿಮುದ್ರಣವಾಯಿತು ‘ಆಫ್ರಿಕನ್ ಕುಕ್‌ಬುಕ್’. ತಂಡದ ಸ್ಯಾಕ್ಸೊಫೋನ್ ವಾದಕ ಬುಕರ್ ಅರ್ವಿನ್ ಗೆಳೆಯರಿಗೆ ‘ಬುಕ್’. ಆ ಅಡ್ಡಹೆಸರೂ ಅಡುಗೆಪುಸ್ತಕದ ಹೆಸರಿನಲ್ಲಿ ಸೇರಿಕೊಂಡಿತು. ಪಿಯಾನೊದ ಎಡಗೈ ಒಂದೇ ನಡೆಯನ್ನು ಬಿಡದೆ ಹಿಡಿದಿರುತ್ತದೆ, ಮೇಲೆ ಚರ್ಮವಾದ್ಯ ಬೇರೆ ಲೆಕ್ಕದಲ್ಲಿ ಓಡುತ್ತದೆ. ಕರ್ನಾಟಕ ಸಂಗೀತದಲ್ಲಿ ನಾಲ್ಕೆಣಿಕೆಯ ಚತುರಶ್ರದ ಮೇಲೆ ಮೂರೆಣಿಕೆಯ ತಿಶ್ರ ಕೂರಿಸುವುದನ್ನು ಕೇಳಿದ ಕಿವಿಗೆ ಇದು ಅಪರಿಚಿತವಲ್ಲ.

ಲಯದ ಈ ನೆಂಟಸ್ತಿಕೆಯೇ ಕರ್ನಾಟಕದಲ್ಲಿ ಜ್ಯಾಝ್‌ಗೆ ಬಾಗಿಲು ತೆರೆಯಿತು ಎಂದು ನನ್ನ ಎಣಿಕೆ. 1964ರಲ್ಲೇ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಶುರುವಾಯಿತು. ಅದನ್ನು ಲೋಕಕ್ಕೆ ಕೇಳಿಸಿದವರು ಮೃದಂಗದ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ. ಜರ್ಮನಿಯ ‘ಎಂಬ್ರಿಯೊ’ ತಂಡದ ಜೊತೆ ನುಡಿಸಿದರು. ಮುಂದೆ ಆ ಎಂಬ್ರಿಯೊ ನೈಜೀರಿಯದ ಯೊರೂಬ ಡುಂಡುನ್ ಡೋಲು ವಾದಕರ ಜೊತೆಯೂ ಕೂತಿತು. ಬಾಸ್ಟನ್ನಿನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನಾಗಸ್ವರ ಕಲಿತವರು. ಅವರೊಡನೆ ಈ ಕಾಲೇಜಿನ ತಂಡ 1983ರಲ್ಲಿ ತಂದ ‘ಜ್ಯೋತಿ’ ಆಲ್ಬಮ್ಮನ್ನು ಇವತ್ತಿಗೂ ಕೇಳಬೇಕು. ರಮಾಮಣಿಯವರ ದನಿ ರಾಗದ ದಾರಿ ಬಿಡುವುದಿಲ್ಲ, ಮರಿಯಾನೊ ಅವಸರಪಡುವುದಿಲ್ಲ. ಘಟ, ಖಂಜಿರ, ಕೊನ್ನಕೋಲು ಅಲ್ಲಿ ಪಕ್ಕವಾದ್ಯವಾಗಿ ಹಿಂದೆ ಸರಿಯದೆ ಮಾತಿಗೆ ಮಾತು ಕೊಡುತ್ತವೆ.

ಆದರೆ ಆಫ್ರಿಕದ ಲಯ ಜರ್ಮನಿ ಸುತ್ತಿ ಬರಬೇಕಿರಲಿಲ್ಲ. ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದವರಲ್ಲಿ ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿ, ನಮ್ಮ ಸಿದ್ದಿಗಳು, ಯಲ್ಲಾಪುರ, ಹಳಿಯಾಳ, ಮುಂಡಗೋಡಗಳಲ್ಲಿ ತಲೆಮಾರುಗಳಿಂದ ಡಮಾಮಿ ಡೋಲು ಬಾರಿಸಿಕೊಂಡು ಬಂದಿದ್ದಾರೆ. ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದೇ 2003ರಲ್ಲಿ. 2021ರ ‘ಸಲಗ’ ಚಿತ್ರದಲ್ಲಿ ಚರಣ್ ರಾಜ್ ಸಿದ್ದಿ ಗಾಯಕರಿಂದಲೇ ‘ಟಿಣಿಂಗ ಮಿಣಿಂಗ ಟಿಶ್ಯಾ’ ಹಾಡಿಸಿದಾಗ ನಾಡೆಲ್ಲ ಕುಣಿಯಿತು. ಒಂದು ಚಿತ್ರಗೀತೆಗೆ ಅದು ಮುಗಿಯಬಾರದು. ಡಮಾಮಿಯವರು ನಡೆ ಹಾಕಿಕೊಡಲಿ, ಸ್ಯಾಕ್ಸೊಫೋನಿನವರು ತಾಳ್ಮೆಯಿಂದ ಹಿಂಬಾಲಿಸಲಿ. ಆ ಕಛೇರಿ ಮೊದಲು ಸಿದ್ದಿಗಳ ಅಂಗಳದಲ್ಲೇ ನಡೆಯಲಿ, ಊಟವೂ ಅಲ್ಲೇ.