ಜಾಲದಿಂದ ಎಚ್ಚರಗೊಳ್ಳುವ ಗಣಕಗಳು

ಗಣಕಕ್ಕೆ ಲಿನಕ್ಸ್ ಅಥವಾ ವಿಂಡೋಸ್ ಹಾಕಿದ ಅನುಭವ ನಿಮ್ಮಲ್ಲಿ ಹಲವರಿಗೆ ಇರಬಹುದು. ಭಾಷೆ ಯಾವುದು, ಕಾಲವಲಯ ಯಾವುದು, ಹಾರ್ಡ್ ಡಿಸ್ಕನ್ನು ಹೇಗೆ ಭಾಗ ಮಾಡಲಿ ಎಂದು ಅದು ಒಂದೊಂದಾಗಿ ಕೇಳುತ್ತದೆ, ನೀವು ಎದುರು ಕುಳಿತು ಉತ್ತರಿಸುತ್ತೀರಿ. ಒಂದು ಗಣಕಕ್ಕೆ ಅರ್ಧ ಗಂಟೆ ಹಿಡಿದರೆ ಯಾರೂ ಬೇಸರಪಡುವುದಿಲ್ಲ. ಆದರೆ ಗಣಕಗಳು 32 ಇದ್ದರೆ? ಸಾವಿರ ಇದ್ದರೆ? ದತ್ತಾಂಶ ಕೇಂದ್ರಗಳ ಸರ್ವರ್‌ಗಳಲ್ಲಿ ಹೆಚ್ಚಿನವಕ್ಕೆ ಪರದೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ಅವು ವಿದ್ಯುತ್ ಹರಿದೊಡನೆ ಜಾಲದ ತಂತಿಯ ಮೂಲಕವೇ ತಮ್ಮ ಕಾರ್ಯಾಚರಣ ವ್ಯವಸ್ಥೆಯನ್ನು ತರಿಸಿಕೊಂಡು, ತಾವೇ ಸ್ಥಾಪಿಸಿಕೊಂಡು ಕೆಲಸಕ್ಕೆ ನಿಲ್ಲುತ್ತವೆ. ಈ ವಿದ್ಯೆ ಅವಕ್ಕೆ ಬಂದದ್ದು ಹೇಗೆ ಎಂಬುದೇ ಈ ಲೇಖನದ ವಿಷಯ.

ಗಣಕವನ್ನು 'ಬೂಟ್' ಮಾಡುವುದು ಎನ್ನುತ್ತೇವಲ್ಲ, ಆ ಮಾತು ಬಂದದ್ದು ಕಾಲಿನ ಬೂಟಿನಿಂದಲೇ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ಮೇಲೆತ್ತಿಕೊಳ್ಳುವುದು ಎಂಬ ಇಂಗ್ಲಿಷ್ ನುಡಿಗಟ್ಟಿನ ಕುಡಿ ಅದು. ನ್ಯೂಟನ್ನನ ಮೂರನೆಯ ನಿಯಮವನ್ನು ವರ್ಷಗಟ್ಟಲೆ ಪಾಠ ಮಾಡಿದ ನನಗೆ ಈ ಉಪಮೆ ಕೇಳಿದಾಗಲೆಲ್ಲ ನಗು ಬರುತ್ತದೆ. ಗಣಕದ ಇಕ್ಕಟ್ಟು ಮಾತ್ರ ನಿಜವಾದದ್ದು. ಕ್ರಮವಿಧಿಯನ್ನು ಸ್ಮೃತಿಗೆ ತುಂಬಲು ಇನ್ನೊಂದು ಕ್ರಮವಿಧಿ ಬೇಕು. ಅದನ್ನು ತುಂಬುವವರು ಯಾರು? ಮೊದಮೊದಲು ಮನುಷ್ಯರೇ ತುಂಬುತ್ತಿದ್ದರು. ಪಿಡಿಪಿ-8ರಂತಹ ಯಂತ್ರಗಳಲ್ಲಿ, 1975ರ ಆಲ್ಟೇರ್ 8800ರಲ್ಲಿ ಕೂಡ, ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಮೊದಲ ಕೆಲವು ಆದೇಶಗಳನ್ನು ಕೈಯಿಂದಲೇ ಊಡಿಸಬೇಕಿತ್ತು. ಮುಂದೆ ಆ ಆದೇಶಗಳು ಅಳಿಸಿಹೋಗದ ರಾಮ್ ಅಲ್ಲದ ಸ್ಮೃತಿಗೆ, ಎಂದರೆ ರೋಮ್ ಚಿಪ್ಪಿಗೆ, ಸೇರಿದವು.

ಜಾಲದಿಂದ ಬೂಟ್ ಮಾಡುವ ಯೋಚನೆ ಈಥರ್ನೆಟ್‌ನಷ್ಟೇ ಹಳೆಯದು ಎನ್ನಬಹುದು. ಝೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ರೂಪುಗೊಂಡ ಆಲ್ಟೊ ಗಣಕದಲ್ಲಿ ಒಂದು ಕೀಲಿಯನ್ನು ಒತ್ತಿ ಹಿಡಿದು ಬೂಟ್ ಗುಂಡಿ ಅದುಮಿದರೆ ಅದು ಡಿಸ್ಕನ್ನು ಬಿಟ್ಟು ಈಥರ್ನೆಟ್ ಕಡೆ ಕಿವಿಗೊಡುತ್ತಿತ್ತು. ಜಾಲದಲ್ಲಿದ್ದ ಇನ್ನೊಂದು ಯಂತ್ರ ಆಗಿಂದಾಗ್ಗೆ ಒಂದು ಸಣ್ಣ ಪೊಟ್ಟಣವನ್ನು ಎಲ್ಲರಿಗೂ ಕೇಳುವಂತೆ ಬಿತ್ತರಿಸುತ್ತಿರುತ್ತಿತ್ತು. ಅದರೊಳಗೆ ಇರುತ್ತಿದ್ದುದು ಮುಂದಿನ ಕ್ರಮವಿಧಿಯನ್ನು ತರಿಸಿಕೊಳ್ಳಲು ಬೇಕಾದಷ್ಟೇ ಆದೇಶಗಳು. ಆ ಪೊಟ್ಟಣಕ್ಕೆ ಅವರು ಇಟ್ಟ ಹೆಸರಿನ ಅರ್ಥ 'ಜೀವದ ಉಸಿರು'. ತಂತ್ರಜ್ಞರೂ ಒಮ್ಮೊಮ್ಮೆ ಕವಿಗಳಾಗುತ್ತಾರೆ.

1980ರ ದಶಕದಲ್ಲಿ ಇದು ಹಣದ ಪ್ರಶ್ನೆಯಾಯಿತು. ಹಾರ್ಡ್ ಡಿಸ್ಕ್ ದುಬಾರಿ. 1982ರಲ್ಲಿ ಆರಂಭವಾದ ಸನ್ ಮೈಕ್ರೋಸಿಸ್ಟಮ್ಸ್ ಡಿಸ್ಕೇ ಇಲ್ಲದ ಕಾರ್ಯಸ್ಥಾನಗಳನ್ನು ಮಾರಿತು. ಒಂದು ದೊಡ್ಡ ಸರ್ವರ್‌ನ ಡಿಸ್ಕನ್ನು ಹಲವು ಯಂತ್ರಗಳು ಹಂಚಿಕೊಳ್ಳುವುದು ಅದರ ಉಪಾಯ. ಇಲ್ಲಿ ಎದುರಾದದ್ದು ನಮ್ಮ ಹಳೆಯ ಬೀಜವೃಕ್ಷ ನ್ಯಾಯ. ಜಾಲದಲ್ಲಿ ಮಾತನಾಡಲು ಐಪಿ ವಿಳಾಸ ಬೇಕು. ವಿಳಾಸವನ್ನು ಬರೆದಿಟ್ಟುಕೊಳ್ಳಲು ಡಿಸ್ಕ್ ಬೇಕು. ಡಿಸ್ಕ್ ಇರುವುದು ಜಾಲದ ಆಚೆ ತುದಿಯಲ್ಲಿ!

ಬಿಡಿಸಿಕೊಳ್ಳುವ ದಾರಿ ಒಂದೇ ಇತ್ತು. ಪ್ರತಿ ಈಥರ್ನೆಟ್ ಕಾರ್ಡಿಗೂ ಕಾರ್ಖಾನೆಯಲ್ಲೇ 48 ಬಿಟ್‌ಗಳ ಒಂದು ಸಂಖ್ಯೆಯನ್ನು ಅಚ್ಚೊತ್ತಿರುತ್ತಾರೆ. ಇದೇ ಮ್ಯಾಕ್ ವಿಳಾಸ. ತನ್ನ ಬಗ್ಗೆ ಏನೂ ಅರಿಯದ ಯಂತ್ರಕ್ಕೂ ಇಷ್ಟು ಗೊತ್ತಿರುತ್ತದೆ. 'ಇದು ನನ್ನ ಸಂಖ್ಯೆ, ನಾನು ಯಾರು?' ಎಂದು ಅದು ಇಡೀ ಜಾಲಕ್ಕೆ ಕೂಗಿ ಕೇಳಬಹುದು. 1984ರ ಜೂನ್‌ನಲ್ಲಿ ಪ್ರಕಟವಾದ ರಾರ್ಪ್ ಎಂಬ ನಿಯಮಾವಳಿ ಇದನ್ನೇ ಮಾಡಿತು. ಆದರೆ ಅದು ಕೊಡುತ್ತಿದ್ದುದು ವಿಳಾಸವನ್ನು ಮಾತ್ರ, ಅದೂ ಉತ್ತರಿಸುವ ಸರ್ವರ್ ಅದೇ ತಂತಿಯ ಮೇಲಿದ್ದರೆ. 1985ರ ಸೆಪ್ಟೆಂಬರ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಲ್ ಕ್ರಾಫ್ಟ್ ಮತ್ತು ಸನ್ ಸಂಸ್ಥೆಯ ಜಾನ್ ಗಿಲ್ಮೋರ್ ಬೂಟ್‌ಪಿ ಎಂಬ ನಿಯಮಾವಳಿಯನ್ನು ಮುಂದಿಟ್ಟರು. ನಿನ್ನ ವಿಳಾಸ ಇದು, ಸರ್ವರ್ ಇಂಥಲ್ಲಿದೆ, ನೀನು ತರಿಸಿಕೊಳ್ಳಬೇಕಾದ ಕಡತದ ಹೆಸರು ಇದು, ಈ ಮೂರನ್ನೂ ಒಂದೇ ಪೊಟ್ಟಣದಲ್ಲಿ ಹೇಳುವ ವ್ಯವಸ್ಥೆ ಅದು. 1993ರಲ್ಲಿ ಬಂದ ಡಿಎಚ್‌ಸಿಪಿ ಅದೇ ಪೊಟ್ಟಣದ ಆಕಾರವನ್ನು ಉಳಿಸಿಕೊಂಡು ಬೆಳೆಯಿತು. ನಿಮ್ಮ ಮೊಬೈಲು ಮನೆಯ ವೈಫೈ ಸೇರಿದಾಗಲೆಲ್ಲ ಕೇಳುವುದು ಅದೇ ಹಳೆಯ ಪ್ರಶ್ನೆಯನ್ನು.

ಕಡತವನ್ನು ತರುವ ಕೆಲಸ ಟಿಎಫ್‌ಟಿಪಿಯದು. ರೋಮ್ ಚಿಪ್ಪಿನ ಅಂಗೈಯಗಲ ಜಾಗದಲ್ಲಿ ಹಿಡಿಸಬೇಕಾದ್ದರಿಂದ ಅದು ತೀರ ಸರಳ. ಕಡತವನ್ನು 512 ಬೈಟ್‌ಗಳ ತುಂಡು ಮಾಡುತ್ತದೆ, ಒಂದು ತುಂಡು ಕಳಿಸಿ 'ಬಂತು' ಎಂಬ ಉತ್ತರ ಬರುವವರೆಗೆ ಕಾಯುತ್ತದೆ, ಆಮೇಲೆ ಮುಂದಿನದು. ಹೋಗಿಬರಲು ಒಂದು ಮಿಲಿಸೆಕೆಂಡ್ ಹಿಡಿದರೆ ತಂತಿ ಎಷ್ಟೇ ವೇಗದ್ದಾಗಿರಲಿ, ಸೆಕೆಂಡಿಗೆ ಸುಮಾರು ಐದು ಲಕ್ಷ ಬೈಟ್‌ಗಳಿಗಿಂತ ಹೆಚ್ಚು ಸಾಗದು. ಇದರ ಮೊದಲ ರೂಪದಲ್ಲಿ ಒಂದು ಚೋದ್ಯವಾದ ದೋಷವೂ ಇತ್ತು. ಉತ್ತರವೊಂದು ತಡವಾಯಿತೆನ್ನಿ. ಕಳಿಸುವವನು ಅದೇ ತುಂಡನ್ನು ಮತ್ತೆ ಕಳಿಸುತ್ತಾನೆ. ಪಡೆದವನು ಎರಡಕ್ಕೂ ಉತ್ತರಿಸುತ್ತಾನೆ. ಎರಡು ಉತ್ತರ ಕಂಡ ಕಳಿಸುವವನು ಮುಂದಿನ ತುಂಡನ್ನು ಎರಡು ಸಲ ಕಳಿಸುತ್ತಾನೆ. ಅಲ್ಲಿಂದ ಕಡತ ಮುಗಿಯುವವರೆಗೂ ಎಲ್ಲವೂ ಜೋಡಿ ಜೋಡಿ. ಗಯಟೆಯ ಕವನದಲ್ಲಿ ಮಂತ್ರವಾದಿಯ ಶಿಷ್ಯ ಅರೆಕಲಿತ ಮಂತ್ರದಿಂದ ನೀರು ತರಿಸಿ, ನಿಲ್ಲಿಸಲಾಗದೆ ಪೊರಕೆಯನ್ನು ಎರಡಾಗಿ ಸೀಳಿದರೆ ಎರಡೂ ನೀರು ಹೊರತೊಡಗುತ್ತವಲ್ಲ, ಈ ದೋಷಕ್ಕೆ ಆ ಶಿಷ್ಯನ ಹೆಸರನ್ನೇ ಇಟ್ಟಿದ್ದಾರೆ. ಮರುಕಳಿಸಿದ ಉತ್ತರಗಳನ್ನು ಕಂಡೂ ಕಾಣದಂತಿರಬೇಕು ಎಂಬ ನಿಯಮದಿಂದ ಅದು ಸರಿಹೋಯಿತು.

ಮಾಮೂಲಿ ಪಿಸಿಗಳಿಗೆ ಈ ಭಾಗ್ಯ ಬಂದದ್ದು ಇಂಟೆಲ್ ಸಂಸ್ಥೆಯ ಪಿಎಕ್ಸ್‌ಇ ಮಾನಕದಿಂದ. ಅದರ 2.1 ಆವೃತ್ತಿ 1999ರ ಸೆಪ್ಟೆಂಬರ್‌ನಲ್ಲಿ ಹೊರಬಂತು. ಕಾರ್ಡಿನ ಚಿಪ್ಪಿನಲ್ಲೇ ಡಿಎಚ್‌ಸಿಪಿ ಮತ್ತು ಟಿಎಫ್‌ಟಿಪಿ ಎರಡನ್ನೂ ಅಡಗಿಸಿಟ್ಟದ್ದು ಅದರ ಹೆಚ್ಚುಗಾರಿಕೆ.

ಆದರೆ ಬೂಟ್ ಆಗುವುದು ಬೇರೆ, ಸ್ಥಾಪನೆ ಬೇರೆ. ಆರಂಭದಲ್ಲಿ ಹೇಳಿದ ಪ್ರಶ್ನೆಗಳಿಗೆ ಉತ್ತರ ಹೇಳುವವರು ಬೇಕಲ್ಲ? ಉತ್ತರಗಳನ್ನೆಲ್ಲ ಮೊದಲೇ ಒಂದು ಕಡತದಲ್ಲಿ ಬರೆದಿಡುವ ಪದ್ಧತಿಯನ್ನು ಸನ್ 1990ರ ದಶಕದಲ್ಲಿ ಜಂಪ್‌ಸ್ಟಾರ್ಟ್ ಎಂಬ ಹೆಸರಿನಿಂದ ಸೊಲಾರಿಸ್‌ಗೆ ತಂದಿತು. ಅದೇ ದಶಕದಲ್ಲಿ ರೆಡ್ ಹ್ಯಾಟ್‌ನ ಕಿಕ್‌ಸ್ಟಾರ್ಟ್ ಬಂತು. 1999ರಲ್ಲಿ ಜರ್ಮನಿಯ ಕೊಲೋನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಲಾಂಗೆ ಡೆಬಿಯನ್ ಲಿನಕ್ಸ್‌ಗಾಗಿ ಎಫ್‌ಎಐ ಎಂಬುದನ್ನು ಆರಂಭಿಸಿದರು.

ಈ ತಂತ್ರಕ್ಕೆ ಒತ್ತಡ ತಂದವರಲ್ಲಿ ನಮ್ಮಂಥ ವಿಜ್ಞಾನದವರೂ ಇದ್ದರು. 1994ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ 16 ಮಾಮೂಲಿ ಪಿಸಿಗಳನ್ನು ಈಥರ್ನೆಟ್ಟಿನಿಂದ ಹೆಣೆದು ಬೇವುಲ್ಫ್ ಎಂಬ ಗುಚ್ಛವನ್ನು ಕಟ್ಟಿದರು. ಕೋಟಿಗಟ್ಟಲೆ ಬೆಲೆಯ ಸೂಪರ್ ಕಂಪ್ಯೂಟರ್ ಕೈಗೆಟುಕದ ಭೌತವಿಜ್ಞಾನಿಗಳಿಗೆಲ್ಲ ಅದು ದಾರಿ ತೋರಿತು. ತೊಡಕೆಂದರೆ ಗುಚ್ಛದ ಪ್ರತಿ ಯಂತ್ರವೂ ತಿಂಗಳು ಕಳೆಯುವುದರೊಳಗೆ ಒಂದೊಂದು ರೀತಿಯಾಗುತ್ತದೆ. ಸಾನ್ ಡಿಯಾಗೊ ಸೂಪರ್ ಕಂಪ್ಯೂಟರ್ ಕೇಂದ್ರದವರು 2000ದಲ್ಲಿ ಹೊರತಂದ ರಾಕ್ಸ್ ಇದಕ್ಕೆ ಕಂಡುಕೊಂಡ ಪರಿಹಾರ ದಿಟ್ಟವಾದದ್ದು: ಸಂಶಯ ಬಂದರೆ ದುರಸ್ತಿ ಬೇಡ, ಅಳಿಸಿ ಹೊಸದಾಗಿ ಸ್ಥಾಪಿಸು. ಹೊಸ ಯಂತ್ರ ಸೇರಿಸುವಾಗ ಅದರ ಡಿಎಚ್‌ಸಿಪಿ ಕೂಗನ್ನು ಕೇಳಿಸಿಕೊಂಡು, ಮ್ಯಾಕ್ ವಿಳಾಸ ಬರೆದುಕೊಂಡು, ರಾಕ್ಸ್ ತಾನೇ ಅದಕ್ಕೊಂದು ಹೆಸರಿಡುತ್ತಿತ್ತು.

ಎಲ್ಲ ಯಂತ್ರಗಳೂ ಒಮ್ಮೆಗೇ ಸ್ಥಾಪನೆಗೆ ಹೊರಟರೆ ಸರ್ವರ್ ತಾಳುವುದೇ? ಲೆಕ್ಕ ಹಾಕಿ ನೋಡಿ. ಒಂದು ಸ್ಥಾಪನೆಗೆ 600 ಮೆಗಾಬೈಟ್ ಎಂದುಕೊಂಡರೆ 32 ಯಂತ್ರಗಳಿಗೆ 19,200 ಮೆಗಾಬೈಟ್. ಸೆಕೆಂಡಿಗೆ 100 ಮೆಗಾಬಿಟ್, ಎಂದರೆ 12.5 ಮೆಗಾಬೈಟ್ ಸಾಗಿಸುವ ತಂತಿಯಲ್ಲಿ ಇದಕ್ಕೆ 1,536 ಸೆಕೆಂಡು, ಸುಮಾರು 26 ನಿಮಿಷ. ಸಿಡಿ ಹಿಡಿದು ಒಂದೊಂದಕ್ಕೂ ಅರ್ಧ ಗಂಟೆ ಕೂತರೆ 16 ಗಂಟೆ.

ಈ ಸುಲಭದ ಬೆಲೆಯನ್ನು ನಾನೂ ತೆತ್ತಿದ್ದೇನೆ. ನಮ್ಮ ವಿಭಾಗದಲ್ಲಿ ಹಿಂದೆ 16 ಪಿಸಿಗಳ ಒಂದು ಗುಚ್ಛವಿತ್ತು. ಪಿಎಕ್ಸ್‌ಇ ಮತ್ತು ಕಿಕ್‌ಸ್ಟಾರ್ಟ್ ಜೋಡಿಸಿದವನು ನಾನೇ. ಪಿಎಕ್ಸ್‌ಇಲಿನಕ್ಸ್ ಎಂಬ ತಂತ್ರಾಂಶ ಆ ಯಂತ್ರದ ಮ್ಯಾಕ್ ವಿಳಾಸದ ಹೆಸರಿನ ಕಡತ ಇದೆಯೇ ಎಂದು ಹುಡುಕುತ್ತದೆ; ಆಮೇಲೆ ಐಪಿ ವಿಳಾಸದ್ದನ್ನು; ಯಾವುದೂ ಸಿಗದಿದ್ದರೆ 'ಡಿಫಾಲ್ಟ್' ಎಂಬ ಕಡತ ಹೇಳಿದಂತೆ ಕೇಳುತ್ತದೆ. ಹಿಂದಿನ ದಿನ ಎರಡು ಯಂತ್ರಗಳನ್ನು ಬದಲಿಸುವಾಗ ಆ ಡಿಫಾಲ್ಟ್ ಕಡತದಲ್ಲಿ 'ಸ್ಥಾಪಿಸು' ಎಂದು ಬರೆದಿದ್ದೆ, ತಿದ್ದಲು ಮರೆತಿದ್ದೆ. ಮರುದಿನ ಸಂಜೆ ಕರೆಂಟು ಹೋಯಿತು. ಮುಖ್ಯ ಯಂತ್ರಕ್ಕೆ ಬೇರೆ ಯುಪಿಎಸ್ ಇದ್ದುದರಿಂದ ಅದು ನಡೆಯುತ್ತಲೇ ಇತ್ತು. ಕರೆಂಟು ಮರಳಿದೊಡನೆ ಹದಿನಾರೂ ಯಂತ್ರಗಳು ಜಾಲವನ್ನು ಕೇಳಿದವು, ಉತ್ತರ ಸಿಕ್ಕಿತು. ಕಿಕ್‌ಸ್ಟಾರ್ಟ್‌ನಲ್ಲಿ ಡಿಸ್ಕಿನ ಎಲ್ಲ ಭಾಗಗಳನ್ನೂ ಅಳಿಸುವ ಆದೇಶ ಒಂದೇ ಒಂದು ಸಾಲು.

ಬೆಳಿಗ್ಗೆ ಸಂಶೋಧನಾ ವಿದ್ಯಾರ್ಥಿನಿ ಬಂದು, "ಸರ್, ಎಲ್ಲಾ ಮಷೀನೂ ಚೆನ್ನಾಗಿ ಓಡ್ತಿವೆ. ನನ್ನ ಫೈಲುಗಳೇ ಕಾಣ್ತಿಲ್ಲ" ಎಂದಳು. ಐಸಿಂಗ್ ಮಾದರಿಯ ಮೇಲೆ ಆಕೆಯ ಮೂರು ತಿಂಗಳ ಮಾಂಟೆ ಕಾರ್ಲೊ ಲೆಕ್ಕಗಳು, ಒಂದೊಂದು ತಾಪಕ್ಕೆ ಒಂದೊಂದು ಯಂತ್ರದಂತೆ, ಆಯಾ ಯಂತ್ರದ ಡಿಸ್ಕಿನಲ್ಲೇ ಇದ್ದವು. ನಾನು ಏನು ಹೇಳಲಿ? ಆಕೆ ಎಲ್ಲವನ್ನೂ ಮೊದಲಿನಿಂದ ಮಾಡಿದಳು, ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ನನ್ನದು ಚಿಕ್ಕ ಪ್ರಮಾದ. 2014ರ ಮೇ ತಿಂಗಳಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ವಿಂಡೋಸ್ 7 ಸ್ಥಾಪಿಸುವ ಆದೇಶ ಕೈತಪ್ಪಿ ಅಲ್ಲಿನ ಎಲ್ಲ ವಿಂಡೋಸ್ ಯಂತ್ರಗಳಿಗೂ ಹೋಯಿತು. ಅದರ ಮೊದಲ ಹೆಜ್ಜೆಯೇ ಡಿಸ್ಕ್ ಅಳಿಸುವುದು. ತಪ್ಪು ಗೊತ್ತಾಗುವ ಹೊತ್ತಿಗೆ ಆದೇಶ ಕಳಿಸುತ್ತಿದ್ದ ಸರ್ವರ್ ಕೂಡ ತನ್ನ ಆದೇಶವನ್ನು ತಾನೇ ಪಾಲಿಸಿ ತನ್ನ ಡಿಸ್ಕನ್ನು ಅಳಿಸಿಕೊಂಡಿತ್ತು.

ಇನ್ನೊಂದು ಕೊರತೆ ಹುಟ್ಟಿನಿಂದಲೇ ಬಂದದ್ದು. ಉತ್ತರಿಸುವವನು ನಿಜವಾದ ಸರ್ವರ್ ಹೌದೇ ಅಲ್ಲವೇ ಎಂದು ಮೂಲ ಪಿಎಕ್ಸ್‌ಇ ವಿಚಾರಿಸುವುದಿಲ್ಲ. 2015ರ ಯುಇಎಫ್‌ಐ 2.5 ಮಾನಕವು ಟಿಎಫ್‌ಟಿಪಿಯ ಬದಲು ಎಚ್‌ಟಿಟಿಪಿಯಿಂದ ಬೂಟ್ ಮಾಡುವ ದಾರಿ ತೆರೆಯಿತು. ಬ್ಯಾಂಕಿನ ಜಾಲತಾಣಕ್ಕೆ ಇರುವಂಥ ಗುರುತುಪತ್ರವನ್ನು ಇಲ್ಲೂ ಕೇಳುವುದು ಅದರಿಂದ ಸಾಧ್ಯವಾಗಿದೆ.

ನಾನು ಆಮೇಲೆ ಮಾಡಿಕೊಂಡ ತಿದ್ದುಪಡಿ ಸರಳ. ಡಿಫಾಲ್ಟ್ ಕಡತದಲ್ಲಿ 'ನಿನ್ನ ಡಿಸ್ಕಿನಿಂದಲೇ ಏಳು' ಎಂಬ ಒಂದೇ ಆದೇಶ. ಸ್ಥಾಪನೆ ಬೇಕಾದ ಯಂತ್ರಕ್ಕೆ ಅದರ ಮ್ಯಾಕ್ ವಿಳಾಸದ ಹೆಸರಿನಲ್ಲಿ ಬೇರೆ ಕಡತ. ಕಿಕ್‌ಸ್ಟಾರ್ಟ್‌ನ ಕೊನೆಯ ಹಂತದಲ್ಲಿ ಆ ಯಂತ್ರವೇ ಮುಖ್ಯ ಯಂತ್ರಕ್ಕೆ ಸುದ್ದಿ ಕಳಿಸಿ ಆ ಕಡತವನ್ನು ತೆಗೆಸುತ್ತದೆ. ನಿಮ್ಮಲ್ಲಿ ಫೆಡೋರಾ ಲಿನಕ್ಸ್ ಇದ್ದರೆ ರೂಟ್ ಬಳಕೆದಾರನ ಕಡತಕೋಶದಲ್ಲಿ ಅನಕೊಂಡ-ಕೆಎಸ್ ಎಂಬ ಹೆಸರಿನ ಕಡತವನ್ನು ತೆರೆದು ನೋಡಿ. ಸ್ಥಾಪಿಸುವಾಗ ನೀವು ಕೊಟ್ಟ ಉತ್ತರಗಳು ಅಲ್ಲಿ ಕಿಕ್‌ಸ್ಟಾರ್ಟ್ ರೂಪದಲ್ಲಿ ಸಾಲಾಗಿ ಇರುತ್ತವೆ. ಮುಂದಿನ ಯಂತ್ರಕ್ಕೆ ಅದನ್ನೇ ಕೊಡುವ ಮುನ್ನ, ಡಿಸ್ಕ್ ಭಾಗಗಳ ಸಾಲುಗಳನ್ನು ಎರಡು ಸಲ ಓದಿಕೊಳ್ಳಿ.