ಎದೆಗೆ ಪೆಟ್ಟು: ಹೊರಗೆ ಗಾಯ ಕಾಣದಿದ್ದರೂ ಹೃದಯಕ್ಕೆ ಏಟಾಗಿರಬಹುದು

ಕೊಯಿಲ: ಉಪ್ಪಿನಂಗಡಿ–ಕಡಬ ರಸ್ತೆಯಲ್ಲಿ ಸ್ಕೂಟರ್ ಸ್ಕಿಡ್ ಆಗಿ ಹ್ಯಾಂಡಲ್ ಎದೆಗೆ ಗುದ್ದುವುದು, ಪಿಕಪ್‌ನ ಸ್ಟೇರಿಂಗ್ ಬಡಿಯುವುದು, ಗೊನೆ ಕೊಯ್ಯುವಾಗಲೋ ಮದ್ದು ಬಿಡುವಾಗಲೋ ಅಡಿಕೆ ಮರದಿಂದ ಬೀಳುವುದು, ಹಟ್ಟಿಯಲ್ಲಿ ದನ ಒದೆಯುವುದು – ಈ ಭಾಗದಲ್ಲಿ ಎದೆಗೆ ಪೆಟ್ಟಾಗುವ ದಾರಿಗಳು ಹಲವು. ರಕ್ತ ಬಾರದಿದ್ದರೆ "ಎಣ್ಣೆ ತಿಕ್ಕಿ, ನಾಳೆ ನೋಡುವ" ಎನ್ನುವವರೇ ಜಾಸ್ತಿ. ಎಡವಟ್ಟಾಗುವುದು ಇಲ್ಲೇ.

ಎದೆಯ ನಡುಮೂಳೆಯ ಹಿಂದೆಯೇ ಹೃದಯದ ಬಲ ಕೆಳಕೋಣೆ ಇದೆ. ಹೊಡೆತ ಜೋರಾದರೆ ಹೆಚ್ಚಾಗಿ ಜಜ್ಜುವುದು ಅದೇ. ಆಗ ಬಡಿತ ಏರುಪೇರಾಗ್ತದೆ, ಪಂಪ್ ಮಾಡುವ ಶಕ್ತಿ ಕುಗ್ತದೆ. ಅಪರೂಪಕ್ಕೆ ಕವಾಟ ಹರಿಯುವುದು, ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬುವುದೂ ಉಂಟು. ನೋವು ಪಕ್ಕೆಲುಬಿನದ್ದೋ ಹೃದಯದ್ದೋ ಎಂದು ಒತ್ತಿ ನೋಡಿ ಹೇಳಲಾಗದು.

ಪರೀಕ್ಷೆ ದೊಡ್ಡದೇನಲ್ಲ. ಇಸಿಜಿ, ಜೊತೆಗೆ ಟ್ರೋಪೋನಿನ್ ಎಂಬ ರಕ್ತಪರೀಕ್ಷೆ. ಅಮೆರಿಕದ ಅಪಘಾತ ಶಸ್ತ್ರಚಿಕಿತ್ಸಕರ ಸಂಘಟನೆಯೊಂದು 2012ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಪ್ರಕಾರ ಎರಡೂ ಸರಿಯಿದ್ದರೆ ಹೃದಯಕ್ಕೆ ಗಾಯವಿಲ್ಲ ಎನ್ನಬಹುದು. ಒಂದರಲ್ಲಿ ವ್ಯತ್ಯಾಸ ಕಂಡರೂ ದಾಖಲಾಗಿ ಮಾನಿಟರ್‌ನಲ್ಲಿ ಇರಬೇಕು. ಬಿಪಿ ಇಳಿದರೆ ಅಥವಾ ಬಡಿತ ಹದಕ್ಕೆ ಬಾರದಿದ್ದರೆ ಎಕೋ ಬೇಕು. ನಡುಮೂಳೆ ಮುರಿದ ಮಾತ್ರಕ್ಕೆ ಹೃದಯಕ್ಕೂ ಏಟಾಗಿದೆ ಎಂದಲ್ಲ. ಮುರಿಯಲಿಲ್ಲವೆಂದು ಬಚಾವ್ ಅಂತಲೂ ಅಲ್ಲ.

ಪೊಲೀಸ್ ಕೇಸು, ಲೈಸೆನ್ಸ್ ಇಲ್ಲ, ಮನೆಯವರು ಬೈತಾರೆ ಎಂದು ಕೆಲವರು ಬಿದ್ದ ವಿಷಯವನ್ನೇ ಮುಚ್ಚಿಟ್ಟು "ಎದೆನೋವು" ಎಂದಷ್ಟೇ ಹೇಳುವುದುಂಟು. ಇದು ಪ್ರಾಣಕ್ಕೇ ಎರವಾದೀತು. ಜಜ್ಜಿದ ಹೃದಯದ ಇಸಿಜಿ ಕೆಲವೊಮ್ಮೆ ಹೃದಯಾಘಾತದಂತೆಯೇ ಕಾಣಿಸ್ತದೆ. 2023ರಲ್ಲಿ ರಾಜ್ಯ ಸರಕಾರ ಪ್ರಕಟಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹೃದಯಾಘಾತವಾದವರಿಗೆ ತಾಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ. ಹೃದಯಾಘಾತಕ್ಕೆ ಅದು ಸಂಜೀವಿನಿ, ಪೆಟ್ಟುಬಿದ್ದ ಮೈಗೆ ಅದೇ ಒಳಗಿನ ರಕ್ತಸ್ರಾವಕ್ಕೆ ದಾರಿ. ಹಾಗಾಗಿ ಬಿದ್ದದ್ದು, ಗುದ್ದಿದ್ದು ಮೊದಲೇ ಹೇಳಿಬಿಡಬೇಕು. ಮನೆಯಲ್ಲಿರುವ ಆಸ್ಪಿರಿನ್ ತಾವಾಗಿ ನುಂಗುವುದೂ ಬೇಡ.

ಜಜ್ಜಿದ್ದಕ್ಕೆ ವಿಶೇಷ ಮದ್ದಿಲ್ಲ. ವಿಶ್ರಾಂತಿ, ನಿಗಾ, ಬಡಿತ ತಪ್ಪಿದರೆ ಅದಕ್ಕೆ ಚಿಕಿತ್ಸೆ. ಹರಿದಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ, ಅದಕ್ಕೆ ಮಂಗಳೂರೇ ಗತಿ. ಮನೆಗೆ ಬಂದ ಮೇಲೆ ತಲೆ ಸುತ್ತು, ಉಬ್ಬಸ, ಎದೆ ಡವಡವ ಶುರುವಾದರೆ ರಾತ್ರಿಯಾದರೂ ಸರಿ, ಮರಳಿ ಹೋಗಬೇಕು.

ಮೈದಾನದ ಕತೆ ಬೇರೆ. ಕ್ರಿಕೆಟ್ ಬಾಲ್ ಎದೆಗೆ ತಾಗಿ ಹುಡುಗ ಕುಸಿದರೆ ಹೃದಯ ಜಜ್ಜಿರಬೇಕೆಂದೇನಿಲ್ಲ, ಬಡಿತದ ಲಯ ಕೆಟ್ಟು ನಿಂತಿರಬಹುದು. ನೀರು ಚಿಮುಕಿಸುತ್ತಾ ಕೂರುವಂತಿಲ್ಲ. ಪ್ರಜ್ಞೆ, ಉಸಿರು ಇಲ್ಲವೆಂದರೆ ಒಬ್ಬರು 108ಕ್ಕೆ ಫೋನ್ ಮಾಡಬೇಕು, ಇನ್ನೊಬ್ಬರು ಎದೆಯ ನಡುವೆ ಸುಮಾರು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ, ಆಂಬ್ಯುಲೆನ್ಸ್ ಬರುವವರೆಗೂ ಒತ್ತುತ್ತಿರಬೇಕು.