ವರ್ಷಾಂತ್ಯದ ವೇತನ ಬಿಲ್ಲು: ಮುಖ್ಯೋಪಾಧ್ಯಾಯರ ಫೆಬ್ರವರಿಯನ್ನು ಹಗುರಗೊಳಿಸುವ ಬಗೆ

ಶಾಲೆಯ ಫೆಬ್ರವರಿ ತಿಂಗಳ ವೇತನ ಬಿಲ್ಲು ಉಳಿದ ಹನ್ನೊಂದು ಬಿಲ್ಲುಗಳಂತಲ್ಲ. ಇಡೀ ವರ್ಷದ ಆದಾಯ ತೆರಿಗೆಯನ್ನು ಅದರಲ್ಲಿ ಸರಿದೂಗಿಸಬೇಕು. ಕೇರಳದಲ್ಲಿ ಮಾರ್ಚ್ ತಿಂಗಳ ಸಂಬಳ ಕೈಸೇರುವುದು ಏಪ್ರಿಲಿನಲ್ಲಿ. ಹಾಗಾಗಿ ಸಂಬಳದ ಮಟ್ಟಿಗೆ ತೆರಿಗೆಯ ವರ್ಷವೆಂದರೆ ಮಾರ್ಚಿನಿಂದ ಫೆಬ್ರವರಿಯವರೆಗಿನ ಹನ್ನೆರಡು ತಿಂಗಳು. ಫೆಬ್ರವರಿಯ ಬಿಲ್ಲು ತಪ್ಪಿದರೆ ಆ ವರ್ಷದ ತೆರಿಗೆ ಹಿಡಿಯಲು ಮತ್ತೊಂದು ಬಿಲ್ಲು ಇರುವುದಿಲ್ಲ. ಅರ್ಧವಾರ್ಷಿಕ ವೃತ್ತಿ ತೆರಿಗೆಯ ಎರಡನೆಯ ಕಂತನ್ನೂ ಇದೇ ಸಮಯಕ್ಕೆ ಪಂಚಾಯತಿಗೆ ಸಲ್ಲಿಸಬೇಕಾಗುತ್ತದೆ.

ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಲ್ಲಿ ಈ ಕೆಲಸಕ್ಕೆ ಗುಮಾಸ್ತರಿಲ್ಲ. ಮಕ್ಕಳ ಸಂಖ್ಯೆ ಕಡಿಮೆಯಿರುವ ಕಡೆಗಳಲ್ಲಿ ಮುಖ್ಯೋಪಾಧ್ಯಾಯರೇ ಒಂದು ತರಗತಿಯ ಹೊಣೆ ಹೊತ್ತಿರುತ್ತಾರೆ. ಅವರು ಗಣಕದ ಮುಂದೆ ಕುಳಿತರೆ ಎರಡು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಕೂರಬೇಕಾಗುತ್ತದೆ. ಅದೇ ಹೊತ್ತಿಗೆ ಎಲ್‌.ಎಸ್‌.ಎಸ್‌., ಯು.ಎಸ್‌.ಎಸ್‌. ವಿದ್ಯಾರ್ಥಿವೇತನ ಪರೀಕ್ಷೆಯ ತಯಾರಿ, ವಾರ್ಷಿಕ ಪರೀಕ್ಷೆ, ಮಧ್ಯಾಹ್ನದ ಊಟದ ಲೆಕ್ಕ ಎಲ್ಲವೂ ಮೇಲೆ ಬೀಳುತ್ತವೆ. ವೇತನ ಬಿಲ್ಲು ಅಧ್ಯಾಪಕರ ಮನೆವಾರ್ತೆ, ಅದರಲ್ಲಿ ನಮಗೇನು ಎಂದು ಹೆತ್ತವರು ಭಾವಿಸುವುದು ಸಹಜ. ಆದರೆ ಅದಕ್ಕೆ ತಗಲುವ ಗಂಟೆಗಳು ಹೋಗುವುದು ಮಕ್ಕಳ ಪಾಠದಿಂದಲೇ. ಆದುದರಿಂದಲೇ ಈ ವಿಷಯವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಹನ್ನೆರಡು ಕಂತಿನ ಲೆಕ್ಕ

ಸಂಬಳದಿಂದ ತೆರಿಗೆಯನ್ನು ಫೆಬ್ರವರಿಯಲ್ಲೇ ಹಿಡಿಯಬೇಕೆಂದು ಯಾವ ಕಾಯಿದೆಯೂ ಹೇಳಿಲ್ಲ. 1961ರ ಆದಾಯ ತೆರಿಗೆ ಕಾಯಿದೆಯ 192ನೆಯ ಸೆಕ್ಷನ್ ಹೇಳುವುದು ಇದಕ್ಕೆ ವಿರುದ್ಧ: ವರ್ಷದ ಆದಾಯವನ್ನು ಮೊದಲೇ ಅಂದಾಜು ಮಾಡಿ, ಪ್ರತಿ ಬಾರಿ ಸಂಬಳ ಕೊಡುವಾಗಲೂ ಸರಾಸರಿ ದರದಲ್ಲಿ ತೆರಿಗೆ ಹಿಡಿಯಬೇಕು. ಕೊನೆಯ ತಿಂಗಳಲ್ಲಿ ಒಟ್ಟಿಗೆ ಹಿಡಿಯುವುದು ಬರಿಯ ರೂಢಿ, ಅದೂ ಒಳ್ಳೆಯ ರೂಢಿಯಲ್ಲ.

ಒಂದು ಉದಾಹರಣೆ ನೋಡೋಣ. ಅಧ್ಯಾಪಕರೊಬ್ಬರ 2025-26ರ ಒಟ್ಟು ಸಂಬಳ 13,20,000 ರೂಪಾಯಿ ಎಂದಿಟ್ಟುಕೊಳ್ಳೋಣ. ಹೊಸ ಪದ್ಧತಿಯಲ್ಲಿ 75,000 ರೂಪಾಯಿಗಳ ಪ್ರಮಾಣಿತ ಕಡಿತ ಕಳೆದರೆ 12,45,000 ಉಳಿಯುತ್ತದೆ. ದರಪಟ್ಟಿಯ ಪ್ರಕಾರ ತೆರಿಗೆ 66,750 ರೂಪಾಯಿ. ಆದರೆ ಆದಾಯ 12 ಲಕ್ಷವನ್ನು ಮೀರಿದ್ದು 45,000 ಮಾತ್ರ. ಮೀರಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗಬಾರದೆಂಬ ರಿಯಾಯಿತಿ ಇರುವುದರಿಂದ ತೆರಿಗೆ 45,000ಕ್ಕೆ ಇಳಿಯುತ್ತದೆ. ಶೇಕಡಾ 4ರ ಸೆಸ್ ಸೇರಿದರೆ 46,800. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 3,900 ರೂಪಾಯಿ. ಇದನ್ನು ಏಪ್ರಿಲಿನಿಂದಲೇ ಹಿಡಿದರೆ ಮನೆಯವರಿಗೆ ಭಾರವೆನಿಸದು. ಫೆಬ್ರವರಿಯ ಸಂಬಳದಿಂದ ಒಟ್ಟಾಗಿ ಹಿಡಿದರೆ ಆ ತಿಂಗಳು ಸಾಲದ ಕಂತಿಗೂ ಕೈ ಕಟ್ಟಿದಂತಾಗುತ್ತದೆ, ಬಿಲ್ಲು ಬರೆದ ಮುಖ್ಯೋಪಾಧ್ಯಾಯರ ಮೇಲೆ ಮುನಿಸೂ ಹುಟ್ಟುತ್ತದೆ. ಅಧ್ಯಾಪಕರ ಕೊಠಡಿಯಲ್ಲಿ ಪ್ರತಿ ಮಾರ್ಚಿನಲ್ಲೂ ಕೇಳಿಬರುವ ಬಿಸಿಮಾತುಗಳಲ್ಲಿ ಅರ್ಧದಷ್ಟಕ್ಕೆ ಇದೇ ಮೂಲವೆಂದು ನಾವು ಬಲ್ಲೆವು.

ವರ್ಷದ ಮಧ್ಯೆ ತುಟ್ಟಿಭತ್ಯೆ ಏರಿದರೆ ಅಥವಾ ಬಾಕಿ ಸಂಬಳ ಸಿಕ್ಕಿದರೆ ಅಂದಾಜನ್ನು ತಿದ್ದಿ, ಉಳಿದ ತಿಂಗಳುಗಳಿಗೆ ಹಂಚಬೇಕು. ಅಕ್ಟೋಬರಿನಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ತಿದ್ದಿದರೆ ಸಾಕು. ಹಿಂದಿನ ವರ್ಷಗಳಿಗೆ ಸಂಬಂಧಿಸಿದ ಬಾಕಿ ಒಟ್ಟಿಗೆ ಬಂದವರಿಗೆ 89ನೆಯ ಸೆಕ್ಷನ್ನಿನ ಪ್ರಕಾರ ಪರಿಹಾರವಿದೆ. ಅದಕ್ಕಾಗಿ 10ಇ ನಮೂನೆಯನ್ನು ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ನೌಕರರೇ ಸಲ್ಲಿಸಬೇಕು. ಮುಖ್ಯೋಪಾಧ್ಯಾಯರು ಕುಳಿತು ಎಲ್ಲರ ಪರವಾಗಿ ತುಂಬುವ ಕೆಲಸವಲ್ಲ.

ಹೊಸ ಪದ್ಧತಿಯೋ ಹಳೆಯದೋ ಎಂಬ ತೀರ್ಮಾನವೂ ಅಷ್ಟೇ. 2023-24ರಿಂದ ಹೊಸ ಪದ್ಧತಿಯೇ ಮೂಲ ಆಯ್ಕೆ. ಹಳೆಯದು ಬೇಕೆಂದವರು ವರ್ಷದ ಆರಂಭದಲ್ಲೇ ಬರವಣಿಗೆಯಲ್ಲಿ ತಿಳಿಸಬೇಕು. ವಿಮೆ, ಮನೆಸಾಲದ ಬಡ್ಡಿ, ಮನೆಬಾಡಿಗೆ ಇತ್ಯಾದಿಗಳ ದಾಖಲೆಗಳನ್ನು 12ಬಿಬಿ ನಮೂನೆಯೊಂದಿಗೆ ಒಪ್ಪಿಸಬೇಕು. ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಮನೆಯೊಡೆಯರ ಪ್ಯಾನ್ ಸಂಖ್ಯೆಯೂ ಬೇಕು. ಜನವರಿ 15ರೊಳಗೆ ದಾಖಲೆ ಕೊಡದವರಿಗೆ ಹೊಸ ಪದ್ಧತಿಯಂತೆ ಲೆಕ್ಕ ಹಾಕಲಾಗುವುದೆಂದು ಜೂನಿನ ಮೊದಲ ಸಭೆಯಲ್ಲೇ ತಿಳಿಸಿ, ಸಹಿ ಪಡೆದಿಟ್ಟುಕೊಂಡರೆ ಫೆಬ್ರವರಿಯ ಬೆನ್ನಟ್ಟುವಿಕೆ ತಪ್ಪುತ್ತದೆ. ಇದರಿಂದ ಯಾರಿಗೂ ಅನ್ಯಾಯವಾಗದು. ಸಂಬಳವೇ ಮುಖ್ಯ ಆದಾಯವಾದವರು ಗಡುವಿನೊಳಗೆ ರಿಟರ್ನ್ ಸಲ್ಲಿಸುವಾಗ ಪದ್ಧತಿ ಬದಲಿಸಿ, ಹೆಚ್ಚು ಹಿಡಿದದ್ದನ್ನು ಮರಳಿ ಪಡೆಯಬಹುದು.

ಹೆಸರಿನ ಕಾಟ

ಗಡಿನಾಡಿನ ಶಾಲೆಗಳಿಗೆ ವಿಶೇಷವಾಗಿ ಅಂಟಿದ ತೊಡಕೊಂದಿದೆ. ಸೇವಾಪುಸ್ತಕದಲ್ಲಿ ಹೆಸರು ಒಂದು ಬಗೆ, ಆಧಾರಿನಲ್ಲಿ ಇನ್ನೊಂದು ಬಗೆ, ಪ್ಯಾನ್ ಕಾರ್ಡಿನಲ್ಲಿ ಮತ್ತೊಂದು. ಕನ್ನಡದ ಹೆಸರು ಮಲೆಯಾಳದ ಮೂಲಕ ಇಂಗ್ಲಿಷಿಗೆ ಹೋಗಿ ಬರುವಾಗ ಭಟ್ಟರ ಕೊನೆಯ ‘ಟಿ’ ಒಂದಿದ್ದದ್ದು ಎರಡಾಗುತ್ತದೆ. ತಂದೆಯ ಹೆಸರಿನ ಮೊದಲಕ್ಷರ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ನಿಲ್ಲುತ್ತದೆ. ಪ್ಯಾನ್ ಮತ್ತು ಆಧಾರ್ ಹೊಂದಿಕೆಯಾಗದೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ, ತೆರಿಗೆ ಹಿಡಿಯಬೇಕಾದ ಸಂಬಳಕ್ಕೆ ಕನಿಷ್ಠ ಶೇಕಡಾ 20ರ ದರ ತಗಲುತ್ತದೆ. ಹೆಸರು ತಿದ್ದಿಸಲು ವಾರಗಳೇ ಬೇಕು. ಆದುದರಿಂದ ಹೊಸ ಅಧ್ಯಾಪಕರು ಕೆಲಸಕ್ಕೆ ಸೇರಿದ ವಾರದಲ್ಲೇ ಮೂರೂ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಜಾಣತನ. ಇದೇ ಕಾಟ ಮಕ್ಕಳ ದಾಖಲಾತಿಯಲ್ಲೂ ಆರಂಭವಾಗುತ್ತದೆ. ಒಂದನೆಯ ತರಗತಿಗೆ ಸೇರಿಸುವಾಗ ಹೆತ್ತವರು ಇಂಗ್ಲಿಷ್ ಅಕ್ಷರಗಳನ್ನೂ ಒಮ್ಮೆ ಓದಿ ನೋಡುವುದು ಮುಂದಿನ ಐವತ್ತು ವರ್ಷಗಳಿಗೆ ಒಳ್ಳೆಯದು.

ಬಿಲ್ಲಿನ ನಂತರ

ಬಿಲ್ಲು ಪಾಸಾದೊಡನೆ ಕೆಲಸ ಮುಗಿಯುವುದಿಲ್ಲ. ಹಿಡಿದ ತೆರಿಗೆಯ ವಿವರವನ್ನು 24ಕ್ಯೂ ನಮೂನೆಯಲ್ಲಿ ಮೂರು ತಿಂಗಳಿಗೊಮ್ಮೆ ಸಲ್ಲಿಸಬೇಕು. ಗಡುವುಗಳು ಜುಲೈ 31, ಅಕ್ಟೋಬರ್ 31, ಜನವರಿ 31 ಮತ್ತು ಮೇ 31. ತಡವಾದ ಪ್ರತಿ ದಿನಕ್ಕೂ 200 ರೂಪಾಯಿ ಶುಲ್ಕ ಬೀಳುತ್ತದೆ. ಹಿಡಿದ ತೆರಿಗೆಯ ಮೊತ್ತವೇ ಅದರ ಮಿತಿ. ಖಜಾನೆಯ ಬಿಲ್ಲಿನಲ್ಲಿ ಹಿಡಿದ ತೆರಿಗೆಗೆ ಬ್ಯಾಂಕಿನ ಚಲನ್ ಇರುವುದಿಲ್ಲ. ಖಜಾನೆ ಪ್ರತಿ ತಿಂಗಳೂ ಸಲ್ಲಿಸುವ 24ಜಿ ನಮೂನೆಯಿಂದ ‘ಬಿನ್’ ಎಂಬ ಗುರುತಿನ ಸಂಖ್ಯೆ ಹುಟ್ಟುತ್ತದೆ, ಅದನ್ನೇ 24ಕ್ಯೂನಲ್ಲಿ ತೋರಿಸಬೇಕು. ವರ್ಷದ ಕೊನೆಗೆ ಹನ್ನೆರಡು ಬಿನ್‌ಗಳನ್ನು ಹುಡುಕುವ ಬದಲು ಆಯಾ ತಿಂಗಳ ಸಂಖ್ಯೆಯನ್ನು ವೇತನ ಬಿಲ್ಲಿನ ಕಚೇರಿ ಪ್ರತಿಯ ಮೇಲೆಯೇ ಬರೆದಿಡುವುದು ಐದು ನಿಮಿಷದ ಕೆಲಸ.

ಮೇ 31 ಬೇಸಿಗೆ ರಜೆಯಲ್ಲಿ ಬರುತ್ತದೆ. ಸಾಲದುದಕ್ಕೆ ಕೇರಳದಲ್ಲಿ ಅದು ಸಾಮೂಹಿಕ ನಿವೃತ್ತಿಯ ದಿನ. ಶಾಲೆಗೆ ಸೇರಿಸುವಾಗ ಮಗುವಿನ ಜನ್ಮದಿನವನ್ನು ಮೇ ತಿಂಗಳಿಗೆ ಬರೆಸುತ್ತಿದ್ದ ಹಿರಿಯರ ರೂಢಿಯ ಫಲವಿದು. ಹಳೆಯ ಮುಖ್ಯೋಪಾಧ್ಯಾಯರು ಹೋಗಿ ಹೊಸಬರು ಬರುವ ದಿನವೇ ವಿವರಪಟ್ಟಿಯ ಗಡುವಾದರೆ ಟ್ಯಾನ್ ಖಾತೆಯ ಗುಪ್ತಪದ ಯಾರಲ್ಲಿದೆ, ನೋಂದಾಯಿಸಿದ ಮೊಬೈಲ್ ಯಾರದು ಎಂಬ ಗೊಂದಲ ಹುಟ್ಟುತ್ತದೆ. ಜೂನ್ 15ರೊಳಗೆ ಎಲ್ಲರಿಗೂ 16ನೆಯ ನಮೂನೆಯ ಪ್ರಮಾಣಪತ್ರ ಕೊಡಬೇಕು, ಅದರ ‘ಎ’ ಭಾಗ ದೊರೆಯುವುದು 24ಕ್ಯೂ ಸಲ್ಲಿಕೆಯಾದ ಮೇಲೆಯೇ. ನಿವೃತ್ತರಾಗುವವರಿದ್ದ ಶಾಲೆಯಲ್ಲಿ ಏಪ್ರಿಲಿನಲ್ಲೇ ಹಸ್ತಾಂತರ ಆರಂಭವಾಗಲಿ.

ಇಲ್ಲಿ ಕೊಟ್ಟ ಸೆಕ್ಷನ್ ಮತ್ತು ನಮೂನೆಗಳ ಸಂಖ್ಯೆಗಳು 1961ರ ಕಾಯಿದೆಯವು, 2025-26ರ ಲೆಕ್ಕಕ್ಕೆ ಅನ್ವಯಿಸುವಂಥವು. 2025ರ ಹೊಸ ಆದಾಯ ತೆರಿಗೆ ಕಾಯಿದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವುದರಿಂದ ಆ ಬಳಿಕದ ಸಂಬಳಕ್ಕೆ ಹೊಸ ಸಂಖ್ಯೆಗಳನ್ನು ನೋಡಿಕೊಳ್ಳಬೇಕು.

ಇತರ ಗಡಿಭಾಗಗಳಲ್ಲಿ ತಂತ್ರಾಂಶದ ಹೆಸರು ಬೇರೆ, ಕೆಲಸ ಒಂದೇ. ಕೇರಳದ ಸ್ಪಾರ್ಕಿನ ಜಾಗದಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರಿಗೆ ಶಾಲಾರ್ಥ ಇದೆ. ತಾಳವಾಡಿ, ಹೊಸೂರಿನವರಿಗೆ ಐ.ಎಫ್.ಎಚ್.ಆರ್.ಎಂ.ಎಸ್. ಮಹಾರಾಷ್ಟ್ರದಲ್ಲಿ ತಿಂಗಳಿಗೆ 200 ರೂಪಾಯಿ ಇರುವ ವೃತ್ತಿ ತೆರಿಗೆ ಫೆಬ್ರವರಿಯಲ್ಲಿ ಮಾತ್ರ 300 ಆಗುತ್ತದೆ. ಸಂವಿಧಾನದ 276ನೆಯ ವಿಧಿಯ 2,500 ರೂಪಾಯಿಗಳ ವಾರ್ಷಿಕ ಮಿತಿಗೆ ಸರಿಹೊಂದಿಸಲು ಮಾಡಿದ ಏರ್ಪಾಡು ಅದು.

ದಣಿವು, ಮತ್ತು ಹೆತ್ತವರ ಪಾಲು

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, ನಿಭಾಯಿಸಲಾಗದ ಉದ್ಯೋಗದ ಒತ್ತಡದಿಂದ ಮನುಷ್ಯ ಬಸವಳಿಯುವ ಸ್ಥಿತಿಗೆ ಮೂರು ಲಕ್ಷಣ ಹೇಳಿತು: ತೀರದ ಆಯಾಸ, ಕೆಲಸದ ಬಗ್ಗೆ ಜಿಗುಪ್ಸೆ, ತನ್ನಿಂದಾಗದು ಎಂಬ ಭಾವ. ಅದು ರೋಗವಲ್ಲ, ಉದ್ಯೋಗದಿಂದ ಹುಟ್ಟುವ ಸ್ಥಿತಿ ಎಂದೂ ಸ್ಪಷ್ಟಪಡಿಸಿತು. ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿದ್ದ ಮುಖ್ಯೋಪಾಧ್ಯಾಯರು ಸಿಡುಕತೊಡಗಿದರೆ ಸ್ವಭಾವ ಕೆಟ್ಟಿತೆಂದು ತೀರ್ಮಾನಿಸುವ ಮೊದಲು ಕ್ಯಾಲೆಂಡರ್ ನೋಡುವುದು ನ್ಯಾಯ.

ರಾತ್ರಿ ಹತ್ತರ ಬಳಿಕ ಬಿಲ್ಲು ಬರೆಯುವ ಅಭ್ಯಾಸವನ್ನು ನಾವು ಒಪ್ಪುವುದಿಲ್ಲ. ಹಗಲಲ್ಲಿ ಜಾಲ ನಿಧಾನವೆಂಬುದು ನಿಜ, ಆದರೆ ನಿದ್ದೆಗಣ್ಣಿನಲ್ಲಿ ತಪ್ಪಿದ ಒಂದು ಅಂಕೆಗೆ ಮರುದಿನ ಖಜಾನೆಯ ಆಕ್ಷೇಪ ಬರುತ್ತದೆ. ತಿಂಗಳ 20ರ ಆಸುಪಾಸಿನಲ್ಲಿ ಒಂದು ಮಧ್ಯಾಹ್ನವನ್ನು ಗೊತ್ತುಪಡಿಸಿ, ಅಧ್ಯಾಪಕರೆಲ್ಲ ಸೇರಿ ತರಗತಿ ಹಂಚಿಕೊಂಡು, ಗಣಕ ಬಲ್ಲ ಕಿರಿಯ ಅಧ್ಯಾಪಕರೊಬ್ಬರು ಜತೆ ಕೂತು ಅಂಕೆ ಓದಿ ಹೇಳಿದರೆ ಕೆಲಸ ಚುರುಕಾಗುತ್ತದೆ. ಹೊರಗಿನವರಿಗೆ ಗುಪ್ತಪದ, ಒಟಿಪಿ ಕೊಟ್ಟು ಬಿಲ್ಲು ಮಾಡಿಸುವುದು ಮಾತ್ರ ಸಲ್ಲದು. ಹಣ ಕೊಟ್ಟು ಕೆಲಸ ಮಾಡಿಸಬಹುದು, ಹೊಣೆ ಮಾತ್ರ ಸಹಿ ಹಾಕಿದವರದೇ.

ರಕ್ಷಕ-ಶಿಕ್ಷಕ ಸಂಘ ಮಾಡಬಹುದಾದದ್ದೂ ಇದೆ. ಫೆಬ್ರವರಿಯ ಎರಡನೆಯ ಪಕ್ಷದಲ್ಲಿ ಸಭೆ, ವಾರ್ಷಿಕೋತ್ಸವ ಇಟ್ಟುಕೊಳ್ಳದಿರುವುದು. ತುರ್ತಿಲ್ಲದ ಪ್ರಮಾಣಪತ್ರಗಳನ್ನು ಜನವರಿಯಲ್ಲೇ ಕೇಳಿ ಪಡೆಯುವುದು. ಬಿಲ್ಲಿನ ದಿನ ಊಟ ಬಡಿಸಲು ಇಬ್ಬರು ತಾಯಂದಿರು ಬರುವುದು. ಮಲೆಯಾಳದ ಸುತ್ತೋಲೆಗಳನ್ನು ಸರಿಯಾಗಿ ಓದಬಲ್ಲ ಹೆತ್ತವರು ಊರಲ್ಲಿದ್ದರೆ ಅವರ ಅರ್ಧ ಗಂಟೆ ಶಾಲೆಗೆ ದೊಡ್ಡ ಉಪಕಾರ.

ನಿದ್ದೆ ಬಾರದಿರುವುದು, ಕಾರಣವಿಲ್ಲದೆ ಅಳು ಬರುವುದು, ಶಾಲೆಯ ಮೆಟ್ಟಿಲು ಹತ್ತಲೇ ಭಯವಾಗುವುದು ಎರಡು ವಾರ ಕಳೆದರೂ ಇಳಿಯದಿದ್ದರೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರಕಾರದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.